ಅಲೆಯ ಪಕ್ಕದ ಗೆರೆ

ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಯ ಪರೀಕ್ಷೆ, ಮಾಡಿಸಿಕೊಂಡು ಬಂದವರ ಕೈಯಲ್ಲಿ ದೊಡ್ಡದೊಂದು ಕವರು ಇರುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಹಳಿಯ ಮೇಲಿನ ಊರುಗಳು. ನರರೋಗ ತಜ್ಞರನ್ನು ಹುಡುಕಿಕೊಂಡು ಇಲ್ಲಿನವರು ಉತ್ತರಕ್ಕೆ ಹೋದರೆ ಹುಬ್ಬಳ್ಳಿ, ದಕ್ಷಿಣಕ್ಕೆ ಹೋದರೆ ದಾವಣಗೆರೆ. ವಾಪಸ್ ಬರುವಾಗ ಬಸ್ಸಿನಲ್ಲೇ ಕವರು ಬಿಚ್ಚಿ, ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ನೋಡುವುದು ಅಲೆಗಳನ್ನು. ಎಲ್ಲಿ ಚೂಪಾಗಿದೆ, ಎಲ್ಲಿ ಸಪಾಟಾಗಿದೆ ಎಂದು ಬೆರಳಿಟ್ಟು ಹುಡುಕುತ್ತಾರೆ. ಅದೇ ಹಾಳೆಯಲ್ಲಿ ಅಲ್ಲಲ್ಲಿ ಮೇಲಿನಿಂದ ಕೆಳಗೆ ಎಳೆದ ಒಂದು ತೆಳು ಗೆರೆ ಇರುತ್ತದೆ. ಅದರ ತಲೆಯ ಮೇಲೆ ಒಂದೆರಡು ಅಕ್ಷರ: ಕಣ್ಣು ಮುಚ್ಚಿದ್ದು, ಕಣ್ಣು ತೆರೆದದ್ದು, ಜೋರಾಗಿ ಉಸಿರಾಡಲು ಶುರು ಮಾಡಿದ್ದು, ದೀಪ ಮಿನುಗಿದ್ದು. ಆ ಗೆರೆಯನ್ನು ಯಾರೂ ನೋಡುವುದಿಲ್ಲ. ಎಷ್ಟೋ ಸಲ ವೈದ್ಯರೂ ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ.

ಮಿದುಳಿನ ಅಲೆ ಯಾವುದಕ್ಕೆ ಉತ್ತರವಾಗಿ ಬಂತು ಎಂದು ಹೇಳುವುದು ಆ ಗೆರೆ. ಅಲೆಯನ್ನು ಅಳೆಯಲು ಲಕ್ಷಗಟ್ಟಲೆ ಬೆಲೆಯ ಯಂತ್ರ, ಒಳ್ಳೆಯ ಅಂಟು, ಕಲಿತ ಕೈ ಎಲ್ಲವೂ ಬೇಕು. ಗೆರೆಯನ್ನು ಮಾತ್ರ ಒಂದು ಗುಂಡಿ ಒತ್ತಿ ಎಳೆದುಬಿಡುತ್ತೇವೆ. ಆದರೆ ಅದೂ ಒಂದು ಅಳತೆಯೇ, ಅದರಲ್ಲೂ ತಪ್ಪು ನುಸುಳುತ್ತದೆ. ಆ ತಪ್ಪು ಎಷ್ಟು ದೊಡ್ಡದು, ಯಾವ ಜಾತಿಯದು ಎಂದು ಗೊತ್ತಿಲ್ಲದೆ ಅಲೆಯನ್ನು ಓದಲು ಹೊರಟರೆ ಏನಾಗುತ್ತದೆ ಎನ್ನುವುದು ಈ ಲೇಖನದ ವಿಷಯ.

ಇಇಜಿ ಕೋಣೆಯ ಕೆಲಸ ನೋಡಿದವರಿಗೆ ಗೊತ್ತು. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಬನ್ನಿ ಎಂದಿರುತ್ತಾರೆ. ತಲೆಯನ್ನು ಟೇಪಿನಲ್ಲಿ ಅಳೆದು, 10–20 ಎಂಬ ಪದ್ಧತಿಯ ಪ್ರಕಾರ ಗುರುತು ಮಾಡಿ, 21 ಕಡೆ ಪೇಸ್ಟಿನಿಂದ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಮಂಚದ ಮೇಲೆ ಮಲಗಿದವರಿಗೆ ತಂತ್ರಜ್ಞೆ ‘ಕಣ್ಣ ಮುಚ್ರಿ’ ಅನ್ನುತ್ತಾಳೆ, ಕೀಲಿ ಒತ್ತುತ್ತಾಳೆ. ತಲೆಯ ಹಿಂಭಾಗದ ಎಲೆಕ್ಟ್ರೋಡುಗಳಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ ಮೂಡುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಸಲ ವಿದ್ಯುತ್ ಅಲೆ ಹಿಡಿದು, 1929ರಲ್ಲಿ ಪ್ರಕಟಿಸಿದಾಗ ತೋರಿಸಿದ್ದೂ ಇದನ್ನೇ. ಈಗ ಕೇಳಬೇಕಾದ್ದು, ಗೆರೆ ಬಿದ್ದದ್ದು ಯಾವಾಗ? ತಂತ್ರಜ್ಞೆ ಮಾತು ಶುರು ಮಾಡಿದಾಗಲೋ, ಮುಗಿಸಿದಾಗಲೋ, ರೋಗಿ ನಿಜವಾಗಿ ರೆಪ್ಪೆ ಮುಚ್ಚಿದಾಗಲೋ? ಅಜ್ಜನಿಗೆ ಕಿವಿ ಮಂದವಾಗಿದ್ದರೆ ಎರಡು ಸಲ ಹೇಳಬೇಕಾಗುತ್ತದೆ. ಮಗುವಾದರೆ ಅಮ್ಮನೇ ಕೈಯಿಂದ ಕಣ್ಣು ಮುಚ್ಚುತ್ತಾಳೆ. ಗೆರೆಗೂ ರೆಪ್ಪೆಗೂ ನಡುವೆ ಒಂದು ಸೆಕೆಂಡ್ ಸುಲಭವಾಗಿ ಜಾರುತ್ತದೆ. ಹಳೆಯ ಕಾಗದದ ಯಂತ್ರದಲ್ಲಿ ಹಾಳೆ ಸೆಕೆಂಡಿಗೆ 30 ಮಿಲಿಮೀಟರ್ ಓಡುತ್ತಿತ್ತು. ಪೆನ್ನಿನಲ್ಲಿ ಬರೆದ ಗುರುತು ಒಂದು ಮಿಲಿಮೀಟರ್ ಆಚೀಚೆ ಆದರೆ 33 ಮಿಲಿಸೆಕೆಂಡ್ ವ್ಯತ್ಯಾಸ.

ಮನುಷ್ಯನ ಕೈ ಹಾಕುವ ಗುರುತಿನ ಮೇಲೆ ಅನುಮಾನ ಹುಟ್ಟಿದ್ದು ಮಿದುಳು ವಿಜ್ಞಾನದಲ್ಲಿ ಅಲ್ಲವೇ ಅಲ್ಲ, ಖಗೋಳದಲ್ಲಿ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ದೂರದರ್ಶಕದ ತಂತಿಯನ್ನು ನಕ್ಷತ್ರ ದಾಟುವ ಗಳಿಗೆಯನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತಲೇ ಅಂದಾಜು ಮಾಡಿ ಬರೆಯುತ್ತಿದ್ದರು. ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕ ತನ್ನ ಯಜಮಾನ ನೆವಿಲ್ ಮಾಸ್ಕೆಲಿನ್‌ಗಿಂತ ಸುಮಾರು 0.8 ಸೆಕೆಂಡ್ ತಡವಾಗಿ ಬರೆಯುತ್ತಿದ್ದ. 1796ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಮುಂದೆ ಬೆಸೆಲ್ ಎಂಬ ಖಗೋಳಜ್ಞ ನುರಿತ ವೀಕ್ಷಕರನ್ನೇ ಹೋಲಿಸಿ ನೋಡಿದಾಗ ಒಬ್ಬೊಬ್ಬರ ಅಂದಾಜೂ ಬೇರೆ ಬೇರೆ ಎಂದು ತಿಳಿಯಿತು. ಪಾಪ, ಕಿನ್ನೆಬ್ರೂಕ್ ಸೋಮಾರಿಯಾಗಿರಲಿಲ್ಲ. ಅವನ ತಡ ಅವನದು, ಯಜಮಾನನ ತಡ ಯಜಮಾನನದು. ಯಜಮಾನನ ತಡವನ್ನು ಅಳೆಯುವವರು ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಹಾಗೆಂದು ನಮ್ಮ ಇಇಜಿ ಕೋಣೆಯ ಒಂದು ಸೆಕೆಂಡಿನ ತಪ್ಪಿಗೆ ಗಾಬರಿಯಾಗಬೇಕಿಲ್ಲ. ಮೂರ್ಛೆ ರೋಗದ ಇಇಜಿಯಲ್ಲಿ ವೈದ್ಯರು ಹುಡುಕುವುದು ತಾನಾಗಿಯೇ ಏಳುವ ಚೂಪು ಅಲೆಗಳನ್ನು. ಅವಕ್ಕೆ ಯಾರ ಗುಂಡಿಯ ಹಂಗೂ ಇಲ್ಲ. ಮೂರು ನಿಮಿಷ ಜೋರಾಗಿ ಉಸಿರಾಡಿಸುವ ಪರೀಕ್ಷೆಯಲ್ಲಿ ಗೆರೆ ಎರಡು ಸೆಕೆಂಡ್ ಹಿಂದೆಮುಂದೆ ಆದರೂ ರೋಗನಿರ್ಣಯ ಬದಲಾಗುವುದಿಲ್ಲ. ಇಲ್ಲಿ ಹೆಚ್ಚು ಬೆಲೆಬಾಳುವ ಗುರುತು ಇನ್ನೊಂದಿದೆ, ಅದು ಆಸ್ಪತ್ರೆಗೆ ಬರುವ ಮುಂಚೆ ಮನೆಯಲ್ಲೇ ಬೀಳಬೇಕಾದದ್ದು.

‘ಎಷ್ಟೊತ್ತ ಬಂದಿತ್ರಿ ಫಿಟ್ಸು?’

‘ಅರ್ಧಾ ತಾಸ ಆಗಿರಬೇಕ್ರಿ ಸಾಹೇಬ್ರ.’

ನಮ್ಮ ಕಡೆಯ ಹೊರರೋಗಿ ವಿಭಾಗಗಳಲ್ಲಿ ದಿನವೂ ನಡೆಯುವ ಮಾತಿದು. ಕೈಕಾಲು ಸೆಟೆದುಕೊಂಡು ಬಿದ್ದ ಮಗುವನ್ನು ನೋಡುತ್ತಿರುವವರಿಗೆ ಒಂದು ನಿಮಿಷವೂ ಅರ್ಧ ತಾಸೇ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ಅದು ತುರ್ತು ಚಿಕಿತ್ಸೆಯ ವಿಷಯ. ಎರಡನ್ನೂ ಬೇರ್ಪಡಿಸುವುದು ಗೋಡೆಯ ಗಡಿಯಾರ, ಅದನ್ನು ನೋಡುವ ಒಂದು ಜೊತೆ ಕಣ್ಣು. ಆದರೆ ಮನೆಯವರು ಮೊದಲು ಹುಡುಕುವುದು ಕಬ್ಬಿಣದ ಕೀಲಿಕೈ ಗೊಂಚಲು, ಇಲ್ಲವೇ ಮೂಸಿಸಲು ಉಳ್ಳಾಗಡ್ಡಿ. ಎರಡರಿಂದಲೂ ಏನೂ ಪ್ರಯೋಜನವಿಲ್ಲ. ಈಚೆಗೆ ಯಾರಾದರೂ ಹುಡುಗರು ಮೊಬೈಲಿನಲ್ಲಿ ವಿಡಿಯೊ ಹಿಡಿದಿರುತ್ತಾರೆ. ‘ಇಂಥಾ ಹೊತ್ತಿನ್ಯಾಗ ವಿಡಿಯೊ ಮಾಡ್ತೀಯೇನಲೇ’ ಎಂದು ಹಿರಿಯರು ಬೈಯುತ್ತಾರೆ, ಆದರೆ ವೈದ್ಯರಿಗೆ ಅದರಷ್ಟು ಉಪಯೋಗಕ್ಕೆ ಬರುವುದು ಮತ್ತೊಂದಿಲ್ಲ. ಶುರುವಾದ ಹೊತ್ತು, ಮುಗಿದ ಹೊತ್ತು, ಯಾವ ಕೈ ಮೊದಲು ಸೆಟೆಯಿತು, ಎಲ್ಲವೂ ಅದರಲ್ಲಿ ಇರುತ್ತದೆ.

ದೊಡ್ಡ ಆಸ್ಪತ್ರೆಗಳ ವಿಡಿಯೊ ಇಇಜಿ ಕೋಣೆಯಲ್ಲಿ ರೋಗಿಯ ಜೊತೆಗಿದ್ದವರ ಕೈಗೆ ಒಂದು ಗುಂಡಿ ಕೊಟ್ಟಿರುತ್ತಾರೆ. ಫಿಟ್ಸ್ ಶುರುವಾದ ಕೂಡಲೇ ಒತ್ತಬೇಕು. ತಾಯಿ ಮೊದಲು ಮಗುವಿನ ಹತ್ತಿರ ಓಡುತ್ತಾಳೆ, ಹೆಸರು ಹಿಡಿದು ಕೂಗುತ್ತಾಳೆ, ಆಮೇಲೆ ಗುಂಡಿ ನೆನಪಾಗುತ್ತದೆ. ಅನುಭವಸ್ಥ ನರತಜ್ಞರು ಗುಂಡಿಯ ಗೆರೆ ಕಂಡ ಕೂಡಲೇ ದಾಖಲೆಯನ್ನು ಹಿಂದಕ್ಕೆ ಸರಿಸಿಕೊಂಡು ಹೋಗಿ ನೋಡುವುದು ಇದಕ್ಕೇ. ಗೆರೆ ತಡವಾಗಿದೆ ಎಂದು ಅವರಿಗೆ ಗೊತ್ತು, ಆದ್ದರಿಂದ ಅದು ಅವರಿಗೆ ತೊಂದರೆ ಕೊಡುವುದಿಲ್ಲ.

ಕರ್ನಾಟಕದ್ದೇ ಎನ್ನಬಹುದಾದ ಒಂದು ಮೂರ್ಛೆಯಿದೆ, ಬಿಸಿನೀರಿನ ಮೂರ್ಛೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ತಂಬಿಗೆಯಿಂದ ಒಂದೇ ಸಮನೆ ತಲೆಗೆ ಹೊಯ್ದುಕೊಳ್ಳುವಾಗ ಬರುವಂಥದ್ದು. ಜಗತ್ತಿನ ಬೇರೆ ಕಡೆ ಅಪರೂಪ, ನಮ್ಮಲ್ಲಿ, ಅದರಲ್ಲೂ ಮೈಸೂರು ಸೀಮೆಯಲ್ಲಿ ಸಾಮಾನ್ಯ. ಬೆಂಗಳೂರಿನ ನರತಜ್ಞರು 1960ರ ದಶಕದಿಂದಲೇ ಇದರ ಬಗ್ಗೆ ಬರೆದಿದ್ದಾರೆ. ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು ನೂರಾರು ರೋಗಿಗಳನ್ನು ಅಧ್ಯಯನ ಮಾಡಿದ್ದಾರೆ. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಬಹುಪಾಲು ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ತಲೆಗೆ ನೀರು ಸುರಿಯುತ್ತಲೇ ದಾಖಲಿಸಬೇಕು. ಒದ್ದೆ ತಲೆ, ಜಾರುವ ಎಲೆಕ್ಟ್ರೋಡು, ಇದು ಸುಲಭದ ಕೆಲಸವಲ್ಲ. ಇಲ್ಲಿ ಗುರುತು ಹಾಕಬೇಕಾದ ಘಟನೆ ಯಾವುದು? ಮೊದಲ ತಂಬಿಗೆ ಎಂದರೆ ಸಾಕು. ಫಿಟ್ಸ್ ಬರುವುದು ನೀರು ಸುರಿಯಲು ಶುರು ಮಾಡಿ ಎಷ್ಟೋ ಹೊತ್ತಿನ ಮೇಲೆ, ಸೆಕೆಂಡಿನ ಲೆಕ್ಕ ಧಾರಾಳವಾಗಿ ನಡೆಯುತ್ತದೆ. ಚಿಕಿತ್ಸೆಯೂ ಸರಳ: ನೀರಿನ ಬಿಸಿ ಇಳಿಸುವುದು, ಬೇಕಾದರೆ ತಲೆಸ್ನಾನಕ್ಕೆ ಗಂಟೆ ಒಂದೂವರೆ ಗಂಟೆ ಮೊದಲು ವೈದ್ಯರು ಹೇಳಿದ ಮಾತ್ರೆ.

ಸೆಕೆಂಡಿನ ಲೆಕ್ಕ ಸಾಲದಿರುವುದು ಬೇರೆ ಬಗೆಯ ಪರೀಕ್ಷೆಗಳಲ್ಲಿ. ಕಿವಿಗೆ ಒಂದು ‘ಟಿಕ್’ ಶಬ್ದ ಕೊಟ್ಟರೆ ಮಿದುಳಿನಲ್ಲಿ ಅದಕ್ಕೆ ಉತ್ತರವಾಗಿ ಏಳುವ ಅಲೆ ತೀರ ಚಿಕ್ಕದು, ಅರ್ಧ ಮೈಕ್ರೋವೋಲ್ಟ್ ಆಸುಪಾಸಿನದು. ಮಿದುಳು ತನ್ನ ಪಾಡಿಗೆ ಎಬ್ಬಿಸುವ ಅಲೆಗಳು ಅದಕ್ಕಿಂತ ಹತ್ತಿಪ್ಪತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ದೊಡ್ಡವು. ಅವುಗಳ ನಡುವಿನಿಂದ ಇದನ್ನು ಹೆಕ್ಕುವ ಉಪಾಯವನ್ನು ಲಂಡನ್ನಿನ ಜಾರ್ಜ್ ಡಾಸನ್ ತೋರಿಸಿದರು. 1947ರಲ್ಲಿ ಅವರು ನರಕ್ಕೆ ಶಾಕ್ ಕೊಟ್ಟು ಬಂದ ಉತ್ತರಗಳನ್ನು ಒಂದೇ ಫಿಲ್ಮಿನ ಮೇಲೆ ಒಂದರ ಮೇಲೊಂದು ಮೂಡಿಸಿದರು. 1950ರ ದಶಕದ ಆರಂಭಕ್ಕೆ ಸರಾಸರಿ ತೆಗೆಯುವ ಯಂತ್ರವನ್ನೇ ಕಟ್ಟಿದರು. ತತ್ವ ಇಷ್ಟು: ಶಬ್ದವನ್ನು ಮತ್ತೆ ಮತ್ತೆ ಕೊಡಿ, ಪ್ರತಿ ಶಬ್ದದ ಗುರುತಿನಿಂದ ಅಲೆಯನ್ನು ಕತ್ತರಿಸಿ, ತುಂಡುಗಳನ್ನು ಗುರುತಿಗೆ ಗುರುತು ಕೂಡಿಸಿ ಸರಾಸರಿ ತೆಗೆಯಿರಿ. ಶಬ್ದಕ್ಕೆ ಸಂಬಂಧವಿಲ್ಲದ ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಉತ್ತರ ಉಳಿಯುತ್ತದೆ. 2000 ತುಂಡುಗಳ ಸರಾಸರಿಯಲ್ಲಿ ಗದ್ದಲ ಸುಮಾರು 45 ಪಟ್ಟು ಇಳಿಯುತ್ತದೆ.

ಇಡೀ ಉಪಾಯ ನಿಂತಿರುವುದು ‘ಗುರುತಿಗೆ ಗುರುತು ಕೂಡಿಸಿ’ ಎಂಬ ಒಂದು ಮಾತಿನ ಮೇಲೆ.

ಗುರುತು ತಪ್ಪುವುದರಲ್ಲಿ ಬಗೆಗಳಿವೆ. ನಮ್ಮ ಜಿಲ್ಲೆಯ ಊರುಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನಡೆಯುತ್ತದಲ್ಲ, ಒಂದು ನಿಮಿಷದಲ್ಲಿ ಜೋಡೆತ್ತು ಎಷ್ಟು ಅಡಿ ಓಡಿತು ಎಂದು ಅಳೆಯುವುದು, ಅದನ್ನೇ ತೆಗೆದುಕೊಳ್ಳಿ. ಕೊನೆಯ ಸೀಟಿ ಊದುವವನು ಎಲ್ಲ ಗಾಡಿಗಳಿಗೂ ಒಂದೇ ಸಮನಾಗಿ ಅರ್ಧ ಸೆಕೆಂಡ್ ತಡ ಮಾಡಿದರೆ ಎಲ್ಲರ ಅಡಿಯೂ ಒಂದಿಷ್ಟು ಹೆಚ್ಚುತ್ತದೆ, ಆದರೆ ಸಾಮಾನ್ಯವಾಗಿ ಮೊದಲ ಬಹುಮಾನ ಸಿಗಬೇಕಾದವರಿಗೇ ಸಿಗುತ್ತದೆ. ಒಂದು ಗಾಡಿಗೆ ಬೇಗ, ಇನ್ನೊಂದಕ್ಕೆ ತಡ ಊದಿದರೆ ಅಖಾಡದಲ್ಲೇ ಜಗಳ. ಕೈಗಡಿಯಾರವೇ ಬೆಳಗಿನಿಂದ ಸಂಜೆಯವರೆಗೆ ಸ್ವಲ್ಪ ಸ್ವಲ್ಪವೇ ನಿಧಾನವಾಗುತ್ತ ಹೋದರೆ ಯಾರಿಗೂ ಗೊತ್ತಾಗದು, ಸಂಜೆ ಓಡಿದ ಎತ್ತುಗಳು ಮಾತ್ರ ವಿನಾಕಾರಣ ಗೆಲ್ಲುತ್ತವೆ.

ಇಇಜಿಯಲ್ಲೂ ಈ ಮೂರೂ ಇವೆ. ಎಲ್ಲ ಗುರುತುಗಳೂ ಒಂದೇ ಸಮನಾಗಿ 20 ಮಿಲಿಸೆಕೆಂಡ್ ತಡವಾದರೆ ಅಲೆಯ ಆಕಾರ ಕೆಡುವುದಿಲ್ಲ, ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ. ಒಮ್ಮೆ ಅಳೆದುಕೊಂಡರೆ ಕಳೆದುಹಾಕಬಹುದು. ಗುರುತು ಒಂದೊಂದು ಸಲ ಒಂದೊಂದು ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಕಥೆ ಬೇರೆ. ಆಗ ಕೂಡಿಸುವ ತುಂಡುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಅಲೆ ಸವೆಯುತ್ತದೆ. ಎಷ್ಟು ಸವೆಯುತ್ತದೆ ಎನ್ನುವುದು ಅಲೆಯ ವೇಗವನ್ನು ಅವಲಂಬಿಸಿದೆ. ಗುರುತಿನ ಅಲುಗಾಟ ಸರಾಸರಿಯ ಸುತ್ತ 10 ಮಿಲಿಸೆಕೆಂಡ್ ಹರಡಿಕೊಂಡಿದೆ ಎನ್ನೋಣ. ಲೆಕ್ಕ ಹಾಕಿದರೆ, ಸೆಕೆಂಡಿಗೆ 3 ಸಲ ಏರಿಳಿಯುವ ನಿಧಾನದ ಅಲೆ ನೂರಕ್ಕೆ 98ರಷ್ಟು ಉಳಿದುಕೊಳ್ಳುತ್ತದೆ. 10 ಸಲದ್ದು 82ಕ್ಕೆ ಇಳಿಯುತ್ತದೆ. 40 ಸಲದ್ದು ನೂರಕ್ಕೆ 4! ಮಿದುಳು ಉತ್ತರ ಕೊಟ್ಟಿರುತ್ತದೆ, ನಾವು ಅದನ್ನು ಸರಾಸರಿಯಲ್ಲಿ ಅಳಿಸಿರುತ್ತೇವೆ. ಅಷ್ಟೇ ಅಲ್ಲ, ‘ಈ ರೋಗಿಗಳಲ್ಲಿ ವೇಗದ ಅಲೆ ಕಾಣಲಿಲ್ಲ’ ಎಂದು ಪ್ರಬಂಧವನ್ನೂ ಬರೆದಿರುತ್ತೇವೆ.

ಇದು ಪ್ರಯೋಗಾಲಯದವರ ತಲೆನೋವು ಮಾತ್ರವೇ? ಬೇರಾ ಪರೀಕ್ಷೆಯನ್ನು ನೋಡಿ. ಹುಟ್ಟಿದ ಮಗು ಶಬ್ದಕ್ಕೆ ತಿರುಗುತ್ತಿಲ್ಲ ಎಂದರೆ ಅದನ್ನು ಮಲಗಿಸಿ, ಕಿವಿಗೆ ಟಿಕ್ ಟಿಕ್ ಕೊಟ್ಟು, ಶ್ರವಣ ನರದಿಂದ ಮಿದುಳಕಾಂಡದವರೆಗಿನ ದಾರಿಯನ್ನು ಅಳೆಯುವ ಪರೀಕ್ಷೆ ಇದು. ನಮ್ಮ ರಾಜ್ಯದಲ್ಲಿ ಈ ವಿದ್ಯೆಯ ದೊಡ್ಡ ಮನೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಸರಿಯಾಗಿ ಕೇಳುವ ದೊಡ್ಡವರಲ್ಲಿ ಟಿಕ್ ಆದ ಸುಮಾರು ಒಂದೂವರೆ ಮಿಲಿಸೆಕೆಂಡಿಗೆ ಮೊದಲ ಅಲೆ, ಐದೂವರೆ ಮಿಲಿಸೆಕೆಂಡಿನ ಆಸುಪಾಸಿಗೆ ಐದನೆಯ ಅಲೆ. ಎಲ್ಲವೂ ಹತ್ತು ಮಿಲಿಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಎಳೆ ಮಗುವಿನಲ್ಲಿ ತುಸು ತಡ. ಇಲ್ಲಿ ಗುರುತು ಒಂದೇ ಒಂದು ಮಿಲಿಸೆಕೆಂಡ್ ಅಲುಗಾಡಿದರೆ ಅಲೆಯ ಚೂಪು ಭಾಗಗಳಲ್ಲಿ ನೂರಕ್ಕೆ ಒಂದು ಪಾಲೂ ಉಳಿಯುವುದಿಲ್ಲ. ಅದಕ್ಕೇ ಬೇರಾ ಯಂತ್ರದಲ್ಲಿ ಶಬ್ದ ಹುಟ್ಟಿಸುವುದೂ ಅಲೆ ಬರೆಯುವುದೂ ಒಂದೇ ಗಡಿಯಾರದ ಕೆಳಗೆ. ಯಾರೂ ಗುಂಡಿ ಒತ್ತುವುದಿಲ್ಲ.

ಆದರೂ ಒಂದು ಕಡೆ ಮನುಷ್ಯ ಬಂದೇ ಬರುತ್ತಾನೆ. ಈಗಿನ ಬೇರಾದಲ್ಲಿ ಕಿವಿಯೊಳಗೆ ಮೆತ್ತನೆಯ ಫೋಮ್ ತುಂಡು ಸೇರಿಸುತ್ತಾರೆ. ಅದರಿಂದ ಒಂದು ಗೇಣಿಗಿಂತ ತುಸು ಉದ್ದದ ಸಣ್ಣ ಪಾರದರ್ಶಕ ನಳಿಕೆ ಹೊರಟು, ಮಗುವಿನ ಅಂಗಿಗೆ ಚುಚ್ಚಿದ ಪುಟ್ಟ ಪೆಟ್ಟಿಗೆಗೆ ಹೋಗುತ್ತದೆ. ಶಬ್ದ ಹುಟ್ಟುವುದು ಆ ಪೆಟ್ಟಿಗೆಯಲ್ಲಿ. ನಳಿಕೆಯ ಗಾಳಿಯಲ್ಲಿ ಸಾಗಿ ಕಿವಿ ಮುಟ್ಟಲು ಅದಕ್ಕೆ ಸುಮಾರು 0.9 ಮಿಲಿಸೆಕೆಂಡ್ ಬೇಕು. ಯಂತ್ರಕ್ಕೆ ‘ನಳಿಕೆಯ ಇಯರ್‌ಫೋನ್ ಹಾಕಿದ್ದೇನೆ’ ಎಂದು ತಿಳಿಸಿದರೆ ಅದು ಅಷ್ಟನ್ನು ಕಳೆಯುತ್ತದೆ. ತಿಳಿಸಲು ಮರೆತು ಹಳೆಯ ಹೆಡ್‌ಫೋನಿನ ಸೆಟ್ಟಿಂಗ್ ಬಿಟ್ಟರೆ? ಐದನೆಯ ಅಲೆ ಆರೂವರೆ ಮಿಲಿಸೆಕೆಂಡಿಗೆ ಬಂದಂತೆ ಕಾಣುತ್ತದೆ. ದೊಡ್ಡವರಲ್ಲಿ ಇಷ್ಟು ತಡ ನರದ ಮೇಲಿನ ಗಡ್ಡೆಯ ಅನುಮಾನ ಹುಟ್ಟಿಸಲು ಸಾಕು. ಬಲ್ಲವರು ಇಲ್ಲಿ ಮೋಸ ಹೋಗುವುದಿಲ್ಲ. ಒಂದನೆಯ ಅಲೆಗೂ ಐದನೆಯ ಅಲೆಗೂ ನಡುವಿನ ಅಂತರವನ್ನು ನೋಡುತ್ತಾರೆ, ನಳಿಕೆಯ ತಡ ಎರಡಕ್ಕೂ ಸಮ, ಆದ್ದರಿಂದ ಅಂತರ ನಾಲ್ಕು ಮಿಲಿಸೆಕೆಂಡಿನಲ್ಲೇ ಇರುತ್ತದೆ. ಗುರುತು ಸುಳ್ಳು ಹೇಳಿದರೂ ನಡೆಯುವಂಥ ಅಳತೆಯನ್ನು ಆರಿಸಿಕೊಳ್ಳುವುದು ಎಂದರೆ ಇದೇ. ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಇದರಷ್ಟು ಜಾಣತನದ ತುಣುಕು ಬೇರೆ ಇಲ್ಲ.

ಕಣ್ಣಿನ ಪರೀಕ್ಷೆಗೆ ಆ ಭಾಗ್ಯವಿಲ್ಲ. ಪರದೆಯ ಮೇಲೆ ಕಪ್ಪು ಬಿಳುಪು ಚೌಕಗಳು ಅದಲುಬದಲಾಗುವುದನ್ನು ನೋಡಿದಾಗ ತಲೆಯ ಹಿಂಭಾಗದಲ್ಲಿ ಸುಮಾರು 100 ಮಿಲಿಸೆಕೆಂಡಿಗೆ ಒಂದು ಅಲೆ ಬರುತ್ತದೆ. ಕಣ್ಣಿನ ನರ ಊದಿಕೊಂಡವರಲ್ಲಿ ಅದು ತಡವಾಗುತ್ತದೆ. ಹಳೆಯ ಗಾಜಿನ ಕೊಳವೆಯ ಮಾನಿಟರ್ ಕೆಟ್ಟು, ಅದರ ಜಾಗಕ್ಕೆ ಚಪ್ಪಟೆ ಎಲ್‌ಸಿಡಿ ಬಂದಾಗ ಹಲವು ಪ್ರಯೋಗಾಲಯಗಳಲ್ಲಿ ಅಲೆ ಏಕಾಏಕಿ ತಡವಾಗಿ ಬರತೊಡಗಿತು. ರೋಗ ಬಂದದ್ದು ಕಣ್ಣಿಗೆ ಅಲ್ಲ. ಎಲ್‌ಸಿಡಿ ಚಿತ್ರವನ್ನು ಒಂದಿಷ್ಟು ಹೊತ್ತು ಒಳಗೆ ಇಟ್ಟುಕೊಂಡು ಆಮೇಲೆ ತೋರಿಸುತ್ತದೆ, ಬಣ್ಣ ಬದಲಿಸಲೂ ಅದಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. ಗುರುತು ಬೀಳುವುದು ಕಂಪ್ಯೂಟರ್ ‘ಬದಲಿಸು’ ಎಂದಾಗ, ಕಣ್ಣಿಗೆ ಕಾಣುವುದು ಆಮೇಲೆ. ಪ್ರತಿ ಪ್ರಯೋಗಾಲಯವೂ ತನ್ನದೇ ಯಂತ್ರದಲ್ಲಿ ಆರೋಗ್ಯವಂತರನ್ನು ಅಳೆದು ತನ್ನದೇ ಮಿತಿ ಗೊತ್ತು ಮಾಡಿಕೊಳ್ಳಬೇಕು ಎಂಬ ನಿಯಮ ಇರುವುದು ಈ ಕಾರಣಕ್ಕೂ ಹೌದು. ಬೇರೆಯವರ ಪುಸ್ತಕದ ಅಂಕಿಯನ್ನು ನಮ್ಮ ಗೋಡೆಗೆ ಅಂಟಿಸಿಕೊಂಡರೆ ಆಗದು.

ಕಂಪ್ಯೂಟರಿನೊಳಗೆ ತಡ ಹುಟ್ಟುವ ಜಾಗಗಳನ್ನು ಹುಡುಕಿಕೊಂಡು ಹೊರಟರೆ ಮುಗಿಯುವುದಿಲ್ಲ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಮಾತ್ರ ಹೊಸ ಚಿತ್ರ ಬರೆಯುತ್ತದೆ. ಅಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, ನೀವು ನಡುವೆ ಆದೇಶ ಕೊಟ್ಟರೆ ಅದು ಮುಂದಿನ ಸರದಿಗೆ ಕಾಯಬೇಕು. ಪರದೆಯ ಮೇಲ್ತುದಿಯ ಚೌಕ ಕೆಳತುದಿಯದಕ್ಕಿಂತ ಮೊದಲು ಬೆಳಗುತ್ತದೆ. ಬ್ಲೂಟೂತ್ ಇಯರ್‌ಫೋನು ನೂರಿನ್ನೂರು ಮಿಲಿಸೆಕೆಂಡ್ ತಡ ಮಾಡುವುದು ಮೊಬೈಲಿನಲ್ಲಿ ಆಟ ಆಡುವ ಹುಡುಗರಿಗೆಲ್ಲ ಗೊತ್ತು. ಇಇಜಿ ಒಂದು ಕಂಪ್ಯೂಟರಿನಲ್ಲಿ, ಚಿತ್ರ ತೋರಿಸುವುದು ಇನ್ನೊಂದರಲ್ಲಿ ಆದರೆ ಎರಡು ಗಡಿಯಾರಗಳಾದವು. ಎರಡರ ನಡುವೆ ಹತ್ತು ಲಕ್ಷಕ್ಕೆ 50 ಪಾಲಿನ ವ್ಯತ್ಯಾಸ ಇದ್ದರೂ ಒಂದು ತಾಸಿನಲ್ಲಿ 180 ಮಿಲಿಸೆಕೆಂಡ್ ದೂರ ಹೋಗಿಬಿಡುತ್ತವೆ.

ದಾಖಲಾದ ಮೇಲೂ ಅಪಾಯ ತಪ್ಪುವುದಿಲ್ಲ. ಕಂಪ್ಯೂಟರ್ ಅಲೆಯನ್ನು ಬಿಡಿಬಿಡಿ ಮಾದರಿಗಳಾಗಿ (ಸ್ಯಾಂಪಲ್) ಅಳೆದಿಡುತ್ತದೆ, ಗುರುತನ್ನು ಬರೆದಿಡುವುದು ಬಹುತೇಕ ‘ಇಷ್ಟನೆಯ ಮಾದರಿ’ ಎಂಬ ಸಂಖ್ಯೆಯಾಗಿ. ಸೆಕೆಂಡಿಗೆ 1000 ಮಾದರಿಯ ದಾಖಲೆಯನ್ನು ಜಾಗ ಉಳಿಸಲು 256ಕ್ಕೆ ಇಳಿಸಿದರೆ ಒಂದು ಮಾದರಿಗೂ ಇನ್ನೊಂದಕ್ಕೂ 3.9 ಮಿಲಿಸೆಕೆಂಡ್ ಅಂತರ. ಗುರುತು ಎರಡರ ನಡುವೆ ಬಿದ್ದರೆ ಯಾವ ಕಡೆಗೆ ಸರಿಸುವುದು? ಕೆಲವು ತಂತ್ರಾಂಶಗಳು ದಶಾಂಶದಲ್ಲೇ ಇಟ್ಟುಕೊಳ್ಳುತ್ತವೆ, ಕೆಲವು ಹತ್ತಿರದ ಪೂರ್ಣಾಂಕಕ್ಕೆ ತಳ್ಳುತ್ತವೆ. ಒಂದು ಭಾಷೆಯ ತಂತ್ರಾಂಶ ಎಣಿಕೆಯನ್ನು ಒಂದರಿಂದ ಶುರು ಮಾಡಿದರೆ ಇನ್ನೊಂದು ಸೊನ್ನೆಯಿಂದ, ಒಂದರ ಕಡತ ಇನ್ನೊಂದಕ್ಕೆ ಹೋಗುವಾಗ ಎಲ್ಲ ಗುರುತೂ ಒಂದು ಮಾದರಿಯಷ್ಟು ಜರುಗುತ್ತದೆ. ನಾಲ್ಕು ಮಿಲಿಸೆಕೆಂಡ್ ಮೂರ್ಛೆಯ ಹಾಳೆಯಲ್ಲಿ ಲೆಕ್ಕಕ್ಕಿಲ್ಲ, ಬೇರಾದಲ್ಲಿ ಅದು ಇಡೀ ದಾರಿ.

ಇದನ್ನು ಪರೀಕ್ಷಿಸಲು ದೊಡ್ಡ ಸಂಸ್ಥೆ ಬೇಕಿಲ್ಲ. ಈಗ ಕೆಲವು ಸಾವಿರ ರೂಪಾಯಿಗೆ ಮಿದುಳಿನ ಅಲೆ ಹಿಡಿಯುವ ಪುಟ್ಟ ಬೋರ್ಡುಗಳು ಸಿಗುತ್ತವೆ. ಹಾವೇರಿ ಹತ್ತಿರದ ದೇವಗಿರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಅದರಲ್ಲಿ ಪ್ರಾಜೆಕ್ಟ್ ಮಾಡುವುದು ಕಷ್ಟವಲ್ಲ. ಅವರಿಗೆ ಒಂದು ಸಲಹೆ. ತಲೆಗೆ ಎಲೆಕ್ಟ್ರೋಡ್ ಅಂಟಿಸುವ ಮೊದಲು ಪರದೆಯ ಮೂಲೆಗೆ ಒಂದು ಫೋಟೊಡಯೋಡ್ ಅಂಟಿಸಿ, ಅದರ ತಂತಿಯನ್ನು ಅಲೆ ಬರುವ ದಾರಿಯಲ್ಲೇ ಇನ್ನೊಂದು ಚಾನೆಲ್ಲಿಗೆ ಕೊಡಿ. ಅಂಗಡಿಯವರು ಅಗ್ಗದ ಎಲ್‌ಡಿಆರ್ ಕೊಟ್ಟರೆ ಬೇಡ ಅನ್ನಿ, ಬೆಳಕಿಗೆ ಸ್ಪಂದಿಸಲು ಅದಕ್ಕೇ ಹತ್ತಾರು ಮಿಲಿಸೆಕೆಂಡ್ ಬೇಕು. ಮೂಲೆಯ ಚೌಕವನ್ನು ಇನ್ನೂರು ಮುನ್ನೂರು ಸಲ ಮಿನುಗಿಸಿ, ಕಂಪ್ಯೂಟರ್ ಹಾಕಿದ ಗುರುತಿಗೂ ಬೆಳಕು ನಿಜವಾಗಿ ಏರಿದ್ದಕ್ಕೂ ಎಷ್ಟು ಅಂತರವೆಂದು ಪ್ರತಿ ಸಲವೂ ಬರೆದುಕೊಳ್ಳಿ. ಅಂಕಿಗಳೆಲ್ಲ ಒಂದೇ ಕಡೆ ಗುಂಪುಗೂಡಿದರೆ ಕಳೆಯಿರಿ. ಹರಡಿಕೊಂಡರೆ ತಂತ್ರಾಂಶ ಬದಲಿಸಿ. ಸಮಯ ಕಳೆದಂತೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಎರಡು ಗಡಿಯಾರಗಳಿವೆ ಎಂದು ಅರ್ಥ.

ಮಿಲಿಸೆಕೆಂಡಿನ ಈ ಮಾತು ಕರ್ನಾಟಕದಲ್ಲಿ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿದೆ. 2000ದ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ಹೆಸರಾಗಿತ್ತು, ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆ ನಡೆದದ್ದೂ ಇಲ್ಲೇ. ಅದರ ಜೊತೆಗೇ ಪತ್ರಿಕೆಗಳಲ್ಲಿ ಬರುತ್ತಿದ್ದ ಇನ್ನೊಂದು ಹೆಸರು ಬ್ರೈನ್ ಮ್ಯಾಪಿಂಗ್. ಇದರ ಬೇರು 1965ರಲ್ಲಿದೆ. ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು, ನಿರೀಕ್ಷಿಸದ ಅಥವಾ ಮಹತ್ವದ ಸಂಗತಿ ಎದುರಾದಾಗ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ದೊಡ್ಡ ಅಲೆ ಏಳುತ್ತದೆ ಎಂದು ತೋರಿಸಿದರು. ಪಿ300 ಎಂದು ಅದರ ಹೆಸರು. ಕೊಲೆಗಾರನಿಗೆ ಮಾತ್ರ ಗೊತ್ತಿರುವ ವಿವರ ತೋರಿಸಿದಾಗ ಆ ಅಲೆ ಎದ್ದರೆ ಅವನಿಗೆ ವಿಷಯ ಗೊತ್ತು ಎನ್ನಬಹುದಲ್ಲ ಎಂದು ಅಮೆರಿಕದಲ್ಲಿ ಕೆಲವರು ಹೊರಟರು. ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಇನ್ನೂ ಮುಂದೆ ಹೋಗಿ, ‘ಗೊತ್ತಿದೆ’ ಎನ್ನುವುದನ್ನಷ್ಟೇ ಅಲ್ಲ, ‘ತಾನೇ ಮಾಡಿದ ನೆನಪಿದೆ’ ಎನ್ನುವುದನ್ನೂ ಪತ್ತೆ ಮಾಡುವುದಾಗಿ ಹೇಳುವ ಬಿಇಒಎಸ್ ಎಂಬ ಪದ್ಧತಿ ರೂಪಿಸಿದರು. ಇದರಲ್ಲಿ ಕಣ್ಣು ಮುಚ್ಚಿ ಕೂತವರಿಗೆ ‘ನಾನು ಹೀಗೆ ಮಾಡಿದೆ’ ಎಂಬ ಧಾಟಿಯ ವಾಕ್ಯಗಳನ್ನು ಕೇಳಿಸುತ್ತಾರೆ. ಉತ್ತರ ಕೊಡಬೇಕಿಲ್ಲ, ಮಿದುಳಿನ ಅಲೆ ಸಾಕು. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯ ಎಂಬಿಎ ವಿದ್ಯಾರ್ಥಿನಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ಈ ಪರೀಕ್ಷೆಯ ವರದಿಯನ್ನೂ ಆಧಾರವಾಗಿ ತೆಗೆದುಕೊಂಡಿತು. ಜಗತ್ತಿನ ವಿಜ್ಞಾನಿಗಳು ಹುಬ್ಬೇರಿಸಿದರು. ಬಾಂಬೆ ಹೈಕೋರ್ಟ್ ಮುಂದೆ ಆಕೆಗೆ ಜಾಮೀನು ನೀಡಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ನೇತೃತ್ವದ ತಜ್ಞ ಸಮಿತಿ ಇಂಥ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿತು.

ಇಲ್ಲಿ ನನ್ನ ಕುತೂಹಲ ಒಂದು ಸಣ್ಣ ಸಂಗತಿಯ ಮೇಲೆ. ಪರದೆಯ ಮೇಲೆ ಚಿತ್ರ ತೋರಿಸಿದರೆ ಮಿಲಿಸೆಕೆಂಡಿನ ಎಣಿಕೆ ಶುರುವಾಗುವ ಸೊನ್ನೆ ಎಲ್ಲಿ ಎಂದು ಹೇಳಬಹುದು, ಚಿತ್ರ ಬೆಳಗಿದ ಕ್ಷಣ. ವಾಕ್ಯ ಕೇಳಿಸಿದರೆ ಸೊನ್ನೆ ಎಲ್ಲಿ? ‘ನಾನು ಸಂತೆಯ ದಿನ ರಾಣೆಬೆನ್ನೂರಿನಲ್ಲಿ ಅವನ ಅಂಗಡಿಗೆ ಹೋಗಿದ್ದೆ’ ಎಂಬ ವಾಕ್ಯ ಹೇಳಿ ಮುಗಿಸಲು ಮೂರ್ನಾಲ್ಕು ಸೆಕೆಂಡ್ ಬೇಕು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಹೋಗಿದ್ದೆ’ಯೋ ‘ಹೋಗಿರಲಿಲ್ಲ’ವೋ ಎಂದು ಕೊನೆಯ ಪದದ ಕೊನೆಯ ಭಾಗ ಬರುವವರೆಗೂ ಕೇಳುವವನಿಗೆ ತಿಳಿಯುವುದಿಲ್ಲ. ವಾಕ್ಯದ ಆರಂಭಕ್ಕೆ ಗುರುತು ಹಾಕಿ 300 ಮಿಲಿಸೆಕೆಂಡಿನ ಅಲೆ ಹುಡುಕಿದರೆ ಸಿಗುವುದು ‘ನಾನು’ ಎಂಬುದಕ್ಕೆ ಬಂದ ಉತ್ತರ. ಊರಿನ ಹೆಸರಿಗೇ ಗುರುತು ಹಾಕೋಣ ಎಂದರೆ ಅಲ್ಲೂ ತೊಡಕಿದೆ. ‘ಬ್ಯಾ’ ಎಂದಾಗ ಬ್ಯಾಡಗಿಯೋ ಬ್ಯಾಂಕೋ ಗೊತ್ತಾಗದು, ಮುಂದಿನ ಅಕ್ಷರ ಬರಬೇಕು. ಮೋಟೆಬೆನ್ನೂರಿಗೂ ರಾಣೆಬೆನ್ನೂರಿಗೂ ವ್ಯತ್ಯಾಸ ಮೊದಲ ಅಕ್ಷರದಲ್ಲೇ ಮುಗಿದುಹೋಗುತ್ತದೆ, ಆದರೆ ‘ರಾಣೆ’ ಎನ್ನುವುದು ಊರಿನ ಹೆಸರೋ ಇನ್ನೇನೋ ಎಂಬುದು ‘ಬೆ’ ಬರುವವರೆಗೆ ಬಗೆಹರಿಯದು. ಮಾತಿನಲ್ಲಿ ಒಂದೊಂದು ಅಕ್ಷರಕ್ಕೆ ನೂರೈವತ್ತು ಇನ್ನೂರು ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ ಯಂತ್ರದ ಗುರುತು ಕರಾರುವಾಕ್ಕಾಗಿದ್ದರೂ ಮಿದುಳಿಗೆ ಅರ್ಥ ಹೊಳೆಯುವ ಗಳಿಗೆ ಪದದಿಂದ ಪದಕ್ಕೆ ನೂರಾರು ಮಿಲಿಸೆಕೆಂಡ್ ಅಲುಗಾಡುತ್ತದೆ. ನಿಧಾನದ ಪಿ300 ಕೂಡ ಇದಕ್ಕೆ ಉಳಿಯುವುದಿಲ್ಲ: ಅಲುಗಾಟ 50 ಮಿಲಿಸೆಕೆಂಡ್ ಹರಡಿದರೆ ಸೆಕೆಂಡಿಗೆ 3 ಸಲದ ಅಲೆ ನೂರಕ್ಕೆ 64ಕ್ಕೆ ಇಳಿಯುತ್ತದೆ, 100 ಹರಡಿದರೆ 17ಕ್ಕೆ. ಹಾಗೆ ಉಳಿದ ಚೂರಿನಲ್ಲಿ ‘ಮಾಡಿದ ನೆನಪು’ ಮತ್ತು ‘ಪೊಲೀಸರ ಬಾಯಲ್ಲಿ ಹತ್ತು ಸಲ ಕೇಳಿದ ನೆನಪು’ ಎರಡನ್ನೂ ಬೇರ್ಪಡಿಸುತ್ತೇವೆ ಎನ್ನುವ ಧೈರ್ಯ ನನಗಂತೂ ಇಲ್ಲ.

2010ರ ಮೇ 5ರಂದು ಸುಪ್ರೀಂ ಕೋರ್ಟ್ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಜೆ. ಎಂ. ಪಾಂಚಾಲ್ ಅವರ ಪೀಠ, ಮಂಪರು, ಸುಳ್ಳುಪತ್ತೆ ಮತ್ತು ಬ್ರೈನ್ ಮ್ಯಾಪಿಂಗ್ ಪರೀಕ್ಷೆಗಳನ್ನು ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ, ಅದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂದಿತು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ವ್ಯಕ್ತಿ ತಾನಾಗಿ ಒಪ್ಪಿದರೆ, ರಕ್ಷಣಾ ಕ್ರಮಗಳೊಂದಿಗೆ ಪರೀಕ್ಷೆ ಮಾಡಬಹುದು. ಫಲಿತಾಂಶ ತಾನೇ ಸಾಕ್ಷ್ಯವಾಗದು, ಆದರೆ ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಅಂದಿನ ಸಾಕ್ಷ್ಯ ಕಾಯ್ದೆಯ 27ನೇ ಕಲಮಿನಂತೆ ಒಪ್ಪಿಕೊಳ್ಳಬಹುದು.

ಹಾಗಾಗಿ ಹಾವೇರಿಯ ಜಿಲ್ಲಾ ನ್ಯಾಯಾಲಯದಲ್ಲೋ ರಾಣೆಬೆನ್ನೂರಿನ ನ್ಯಾಯಾಲಯದಲ್ಲೋ ವಕೀಲರೊಬ್ಬರ ಮುಂದೆ ನಾಳೆ ಇಂಥ ವರದಿ ಬಂದು ಕೂರುವುದು ಅಸಾಧ್ಯವೇನಲ್ಲ. ವರದಿಯ ಬಣ್ಣದ ಚಿತ್ರ ಬಿಟ್ಟು ಅವರು ಕೇಳಬೇಕಾದ್ದು ಮೂಲ ದಾಖಲೆಯ ಕಡತವನ್ನು, ಅದರೊಳಗಿನ ಗುರುತುಗಳ ಪಟ್ಟಿಯನ್ನು. ಪ್ರತಿ ವಾಕ್ಯದ ಧ್ವನಿಮುದ್ರಣದಲ್ಲಿ ಸೊನ್ನೆಯನ್ನು ಯಾವ ಅಕ್ಷರದ ಮೇಲೆ ಇಟ್ಟಿದ್ದೀರಿ, ಸ್ಪೀಕರಿನಿಂದ ಶಬ್ದ ಹೊರಬಂದದ್ದನ್ನು ಅದೇ ಯಂತ್ರದಲ್ಲಿ ಅಳೆದಿದ್ದೀರಾ, ಅಳೆದಿದ್ದರೆ ಆ ಚಾನೆಲ್ ಎಲ್ಲಿ ಎಂದು ಪಾಟೀಸವಾಲಿನಲ್ಲಿ ಕೇಳಬಹುದು. ಚಾನೆಲ್ ಇದ್ದರೆ ಯಾವ ತಜ್ಞರಾದರೂ ಅರ್ಧ ದಿನದಲ್ಲಿ ಗುರುತುಗಳನ್ನು ಸರಿಹೋಲಿಸಿ ನೋಡಬಹುದು. ಇಲ್ಲದಿದ್ದರೆ ವರದಿಯ ಪ್ರತಿ ಅಲೆಯ ಪಕ್ಕದಲ್ಲೂ ಮಿಲಿಸೆಕೆಂಡಿನಲ್ಲಿ ಬರೆದ ಅಂಕಿಗೆ ಆಧಾರ ಯಾವುದು ಎಂದು ಅದನ್ನು ಬರೆದವರೇ ಕಟಕಟೆಯಲ್ಲಿ ನಿಂತು ಹೇಳಬೇಕಾಗುತ್ತದೆ.